ಹನ್ನೊಂದು ಎಕರೆಯ ಸಾಕ್ಷಿ

1887ರ ಜೂನ್ 24, ಶುಕ್ರವಾರ, ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷಕ್ಕೆ ರೂಬೆನ್ ಟಕ್ ಹೋಮ್‌ವಿಕ್ ಬಂಗಲೆಯ ಪುಸ್ತಕದ ಕೋಣೆಯಲ್ಲಿ ಒಂದು ಗೋಣಿಚೀಲದ ಮೇಲೆ ನಿಂತಿದ್ದ.

"ಗೋಣಿ ಬಿಟ್ಟು ಕಾಲು ಆಚೆ ಇಟ್ಟೆಯೋ, ಆ ಜಮಖಾನಾನ ನಾಲಗೇಲಿ ನೆಕ್ಕಿಸ್ತೀನಿ, ಬೋಳಿಮಗನೆ," ಎಂದ ಪಾರುಪತ್ಯಗಾರ ಗಾರ್ನೆಟ್.

ಬಂಗಲೆ ಮಾರಾಟಕ್ಕಿತ್ತು. ವಕೀಲ ಲೈಲ್ ಮೂರು ದಿನದಿಂದ ಅದರ ಒಡೆತನದ ಜಾಡು ಹಿಡಿದು ಕೂತಿದ್ದರು. ಮನೆಗೆ, ಹಣ್ಣಿನ ತೋಟಕ್ಕೆ, ಹೊಳೆಯಂಚಿನ ಹುಲ್ಲುಗಾವಲಿಗೆ 1702ರಿಂದ ಕಾಗದವಿತ್ತು: ಯಾರಿಂದ ಯಾರಿಗೆ, ಯಾವ ಮಗಳ ಮದುವೆಗೆ, ಯಾರು ಸತ್ತ ಮೇಲೆ. ಪೂರ್ವದ ಹನ್ನೊಂದು ಎಕರೆಗೆ ಮಾತ್ರ ಒಂದು ಚೂರು ಕಾಗದವೂ ಇರಲಿಲ್ಲ. ಅಂಥ ಕಡೆ ನಲವತ್ತು ವರ್ಷದ ಹಿಂದಿನದು ನೆನಪಿರುವವನು ಆಣೆಯಿಟ್ಟು ಕೊಟ್ಟ ಪ್ರಮಾಣಪತ್ರ ನಡೆಯುತ್ತದೆ. ರೂಬೆನ್‌ಗೆ ಅರವತ್ತೆಂಟು. ನಲವತ್ತೊಂದು ಚಳಿಗಾಲ ಆ ಜಮೀನಿನ ಮುಳ್ಳುಬೇಲಿ ಕಟ್ಟಿದವನು ಅವನೇ.

"ಬೇಲಿ ಕೆಲಸಕ್ಕೆ ಕೂಲಿ ಕೊಟ್ಟೋರು ಯಾರು?" ಲೈಲ್ ಕೇಳಿದರು.

"ಬಂಗಲೆಯೋರು, ಬುದ್ಧಿ."

"ಬೇರೆ ಯಾರಾದ್ರೂ?"

"ಇಲ್ಲ, ಬುದ್ಧಿ."

"ಈ ನಲವತ್ತು ವರ್ಷದಲ್ಲಿ ಊರೋರ ದನ ಒಳಗೆ ಮೇಯ್ದದ್ದುಂಟಾ?"

"ಎಲ್ಲುಂಟು? ನನ್ನ ಬೇಲೀಲಿ ಮೊಲಾನೂ ನುಗ್ಗಲ್ಲ."

ಲೈಲ್ ನಕ್ಕರು. ಹೊಗಳಿದರೆಂದುಕೊಂಡು ರೂಬೆನ್ನೂ ನಕ್ಕ. ಅದಕ್ಕೂ ಹಿಂದಿನದನ್ನು ಕೇಳುತ್ತಾರೆಂದು ಕಾದ. ಕೇಳಲಿಲ್ಲ.

"ಬುದ್ಧೀ, ಈ ಬೇಲಿ ಬರೋಕೆ ಮುಂಚೆ..."

"ಕೇಳಿದ್ದಕ್ಕಷ್ಟೇ ಬಾಯಿ ಬಿಡು," ಎಂದ ಗಾರ್ನೆಟ್. "ನೀನೂ ನಿನ್ನ ಮಗಳೂ ಮಲಗೋ ಬಿಡಾರ ಯಾರದ್ದು ಅಂತಾನೂ ಇವರು ಕೇಳಿಲ್ಲ."

ರೂಬೆನ್ ಎರಡು ಪಾದವನ್ನೂ ಗೋಣಿಯ ನಡುವಿಗೆ ಎಳೆದುಕೊಂಡ.

ಲೈಲ್ ಪಕ್ಕದಲ್ಲಿ ಕೂತಿದ್ದ ಪಾದ್ರಿ ಕ್ರಿಸ್ಪ್ ಆ ಭಾಗದ ಮ್ಯಾಜಿಸ್ಟ್ರೇಟರೂ ಹೌದು. ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳಿದರು. ಅದರಲ್ಲಿ ಒಂದೂ ಸುಳ್ಳಿರಲಿಲ್ಲ. ರೂಬೆನ್ ಸಹಿಯ ಬದಲು ಓರೆಯಾಗಿ ಎರಡು ಗೀಟು ಎಳೆದ. "ಸತ್ಯ ಹೇಳಿದೋರ ಕಡೆ ದೇವರಿರ್ತಾನೆ," ಎಂದು ಪಾದ್ರಿಗಳು ಕೆಳಗೆ ಸಹಿ ಹಾಕಿದರು. ಅಡುಗೆಮನೆಯ ಹಿಂಬಾಗಿಲಲ್ಲಿ ಅವನಿಗೆ ತಣ್ಣನೆಯ ಕುರಿಮಾಂಸ, ಒಂದು ಲೋಟ ಬಿಯರ್ ಸಿಕ್ಕಿತು. ತಿಂದ, ಕುಡಿದ.

ಮಗಳು ಕೆಜಾಯಾ ಬಿಡಾರದ ಮುಂದೆ ಬಂಗಲೆಯ ದುಪ್ಪಟಿಗಳನ್ನು ಹಿಂಡುತ್ತಿದ್ದಳು. ಅವನು ಹೇಳಿ ಮುಗಿಸುವವರೆಗೂ ಹಿಂಡುತ್ತಲೇ ಇದ್ದಳು.

"ಅಂದ್ರೆ ಊರ ಗೋಮಾಳಾನ ನೀನೇ ಬರ್ಕೊಟ್ಟು ಬಂದ್ಯಾ?"

"ಸುಳ್ಳು ಹೇಳ್ಲಿಲ್ಲ ಕಣೇ."

"ನಮ್ಮಜ್ಜಿ ಹೆಬ್ಬಾತು ಮೇಯಿಸಿದ್ದು ಎಲ್ಲಿ ಅಂತ ಹೇಳಿದ್ಯಾ?"

"ಅವರು ಕೇಳ್ಲಿಲ್ಲ."

"ಕೇಳ್ಲಿಲ್ಲವಂತೆ! ಮತ್ತೆ ನಿನ್ನ ನೆತ್ತಿ ಕುಟ್ಟಿದ್ದು ಯಾಕಪ್ಪಾ? ತೆಂಗಿನಕಾಯಿ ಅಂದ್ಕೊಂಡಾ?"

ಆಗೆಲ್ಲ ವಸಂತಕ್ಕೊಮ್ಮೆ ಊರವರೆಲ್ಲ ಸೇರಿ ಗೋಮಾಳದ ಎಲ್ಲೆ ಸುತ್ತುತ್ತಿದ್ದರು. ಒಂದೊಂದು ಗಡಿಕಲ್ಲಿನ ಬಳಿ ಒಬ್ಬೊಬ್ಬ ಹುಡುಗನನ್ನು ತಲೆಕೆಳಗೆ ಮಾಡಿ ನೆತ್ತಿಯನ್ನು ಕಲ್ಲಿಗೆ ಕುಟ್ಟುತ್ತಿದ್ದರು. ನೋವಾದ ಜಾಗ ಸಾಯುವವರೆಗೆ ಮರೆಯುವುದಿಲ್ಲ ಎಂಬ ಲೆಕ್ಕ. 1827ರಲ್ಲಿ ಎಂಟು ವರ್ಷದ ರೂಬೆನ್‌ನನ್ನು ಕುಟ್ಟಿದ ಕಲ್ಲು ಬಂಗಲೆಯ ಹಣ್ಣಿನ ತೋಟದ ಗೋಡೆಗೆ ತಾಗಿಯೇ ಇತ್ತು. ಗೋಡೆಯಿಂದಾಚೆಗೆಲ್ಲ ಊರಿನದು. ಮೂರು ವರ್ಷದ ನಂತರ ಈಗಿನ ಒಡೆಯರ ಅಜ್ಜ ಆ ಹನ್ನೊಂದು ಎಕರೆ ಗೋಮಾಳದ ಸುತ್ತ ಮುಳ್ಳಿನ ಸಸಿ ನೆಡಿಸಿದರು. ಕೂಲಿಗೆ ನೆಟ್ಟವರಲ್ಲಿ ರೂಬೆನ್‌ನ ಅಪ್ಪನೂ ಇದ್ದ. 1827ರಲ್ಲಿ ಕುಟ್ಟಿಸಿಕೊಂಡ ಹುಡುಗರಲ್ಲಿ ಬದುಕಿ ಉಳಿದವನು ರೂಬೆನ್ ಒಬ್ಬನೇ.

"ಇವತ್ತೊಂದು ದಿನಕ್ಕೆ ಅಂತ ಊರೋರು ನಿನ್ನ ತಲೇಲಿ ಇಟ್ಟಿದ್ದು ಅದು," ಎಂದಳು ಕೆಜಾಯಾ. "ನೀನು ಬಿಯರ್ ಕುಡ್ಕೊಂಡು ಬಂದೆ."

ರೂಬೆನ್ ಅಂಗೈಯಿಂದ ಬಾಯಿ ಒರೆಸಿಕೊಂಡ. ಆ ದಿನ ಮಗಳ ಮುಖ ನೋಡಲಿಲ್ಲ.

ಶನಿವಾರ ಎಂಟು ಗಂಟೆಗೆ ಬಂಗಲೆಯ ಹಿಂಬಾಗಿಲಲ್ಲಿ ಟೋಪಿ ಕೈಯಲ್ಲಿ ಹಿಡಿದು ನಿಂತ.

"ಬುದ್ಧೀ, ಆ ಕಾಗದಕ್ಕೆ ಒಂದು ಸಾಲು ಸೇರಿಸ್ಬೇಕಿತ್ತು. ಬೇಲಿಗೆ ಮುಂಚಿನದು. ಕಲ್ಲಿಂದು."

"ಕಾಗದ ನಿನ್ನೆ ಸಂಜೆ ರೈಲಲ್ಲೇ ಲಂಡನ್ನಿಗೆ ಹೋಯ್ತು," ಎಂದ ಗಾರ್ನೆಟ್. "ತಲೆಗೆ ಪೆಟ್ಟು ಬಿದ್ದೋನ ಮಾತು ಯಾವನಯ್ಯಾ ಬರ್ಕೋತಾನೆ? ಹೋಗು, ಹೋಗು."

ರೂಬೆನ್ ಬಿಡಾರಕ್ಕೆ ಹೋಗಿ ಮಚ್ಚು ತಂದ. ಬೇಲಿಯ ಒಂದೊಂದು ಕೊಂಬೆಯ ಬುಡವನ್ನೂ ಅರೆಬರೆ ಕಡಿದು, ಓರೆಯಾಗಿ ಮಲಗಿಸಿ, ಗೂಟಗಳ ನಡುವೆ ಹೆಣೆದವನು ಅವನು. ಯಾವುದು ಯಾವ ವರ್ಷದ ಕೊಯ್ತ ಎಂದು ಕೈಗೆ ಗೊತ್ತಿತ್ತು. ಹೊಸದರಿಂದ ಶುರುಮಾಡಿ ಹಳೆಯದರ ಕಡೆಗೆ ಕಡಿಯುತ್ತ ಹೋದ. ಹನ್ನೊಂದೂವರೆ ಹೊತ್ತಿಗೆ ಒಂಬತ್ತು ಗಜ ಬಯಲಾಯಿತು.

ಜನ ಸೇರಿದರು. ಯಾರೂ ಒಳಗೆ ಕಾಲಿಡಲಿಲ್ಲ. ಕೂಲಿಯಾಳು ಈಲಾಯ್ ವಾಸ್ ತನ್ನ ಒಂದೇ ಹಸುವನ್ನು ಎಳೆದುಕೊಂಡು ಬಂದ.

"ಭೇಷ್ ಮುದುಕಾ! ಸಾಯೋ ಕಾಲಕ್ಕಾದ್ರೂ ಗಂಡಸಾದೆ," ಎಂದು ಹಸುವಿನ ಬೆನ್ನಿಗೆ ಚಪ್ಪರಿಸಿ ಒಳಗೆ ಹೊಡೆದ. ಹಿಂದೆಯೇ ಕೆಜಾಯಾ ಎರಡು ಹೆಬ್ಬಾತುಗಳನ್ನು ಬಿಟ್ಟಳು. ಅಪ್ಪನ ಕೈಯ ರಕ್ತಕ್ಕೆ ತನ್ನ ಲಂಗದ ಅಂಚು ಹರಿದು ಕಟ್ಟಿದಳು.

ಮಧ್ಯಾಹ್ನ ಎರಡೂಕಾಲಿಗೆ ಪೊಲೀಸಿನವನು ಬಂದ.

ಜುಲೈ 5ರಂದು ವಿಚಾರಣೆ. ಪೀಠದಲ್ಲಿ ಪಾದ್ರಿ ಕ್ರಿಸ್ಪ್. ಬೇಲಿ ಬಂಗಲೆಯದೆಂಬುದಕ್ಕೆ ಸಾಕ್ಷಿಯಾಗಿ ಪ್ರಮಾಣಪತ್ರದ ನಕಲು ಓದಿದರು.

"ಹೇಳಿದ್ದು ನೀನೇ ತಾನೆ?"

"ನಾನೇ, ಬುದ್ಧಿ. ಅರ್ಧ ಹೇಳಿದ್ದೆ. ಮಿಕ್ಕಿದ್ದು ಮಚ್ಚಲ್ಲಿ ಹೇಳ್ದೆ."

ಎರಡು ತಿಂಗಳ ಕಠಿಣ ಶಿಕ್ಷೆಯಾಯಿತು. ಶನಿವಾರ ಬಿಡಾರ ಖಾಲಿ ಮಾಡಿಸಿದರು. ಒಂಬತ್ತು ಗಜ ಬೇಲಿ ಮುಚ್ಚಲು ಗಾರ್ನೆಟ್ ಸೋಮವಾರ ಹೊಸ ಆಳನ್ನು ಗೊತ್ತುಮಾಡಿದ. ಆ ಆಳು ಈಲಾಯ್ ವಾಸ್.