ಪುಸ್ತಕ ತಗೊಂಡು ಬಾ

ಹಾಲ್ಡೇನ್ ಸ್ಟೋಕರ್ಸ್ ಎಂಬ ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿ ಹನ್ನೊಂದು ವರ್ಷ ನನ್ನದು ಒಂದೇ ಕೆಲಸ. ಯಾವ ಆಟಗಾರನನ್ನು ತೆಗೆಯಬೇಕೋ ಅವನ ಹತ್ತಿರ ಹೋಗಿ "ಕೋಚ್ ಕರೀತಿದಾರೆ, ಪುಸ್ತಕ ತಗೊಂಡು ಬಾ" ಅನ್ನುವುದು. ಪುಸ್ತಕವೆಂದರೆ ತಂಡದ ಆಟದ ನಕ್ಷೆಗಳನ್ನೆಲ್ಲ ಜೋಡಿಸಿದ ದಪ್ಪ ಕಡತ. ಅದನ್ನು ತಗೊಂಡು ಬಾ ಎಂದರೆ ವಾಪಸು ಕೊಡು ಎಂದು. ವಾಪಸು ಕೊಡು ಎಂದರೆ ಮನೆಗೆ ನಡೆ ಎಂದು. ಆರೂವರೆ ಅಡಿ ಎತ್ತರದ, ಮುನ್ನೂರು ಪೌಂಡು ತೂಗುವ ಗಂಡಸರು ಈ ಮಾತು ಕೇಳಿ ಬಚ್ಚಲಿಗೆ ಓಡಿ ವಾಂತಿ ಮಾಡಿಕೊಂಡದ್ದನ್ನು ನೋಡಿದ್ದೇನೆ. ಒಬ್ಬನಂತೂ ಕೊಳೆ ಬಟ್ಟೆಯ ಬಂಡಿಯೊಳಗೆ ಅಡಗಿ ಕೂತಿದ್ದ. ಅವನನ್ನೂ ಎಬ್ಬಿಸಿ ಕರೆದುಕೊಂಡು ಹೋದೆ.

ನನ್ನ ಹೆಸರು ಲೋರ್ನ್ ವಾಸ್ಕೊ, ಆದರೆ ಆಟಗಾರರು ಕರೆಯುತ್ತಿದ್ದದ್ದು ಕೊಡಲಿ ಎಂದು. ಊಟದ ಕೋಣೆಯಲ್ಲಿ ನಾನು ತಟ್ಟೆ ಹಿಡಿದು ಬಂದರೆ ಸಾಕು, ಸುತ್ತಲಿನ ಕುರ್ಚಿಗಳು ಖಾಲಿ. ಕೊಡಲಿಯ ಪಕ್ಕ ಕೂತು ಉಂಡವನು ಆ ವಾರ ದಾಟುವುದಿಲ್ಲ ಅನ್ನುವುದು ಅವರ ನಂಬಿಕೆ. ನನ್ನ ಕಣ್ಣಿಗೆ ಕಣ್ಣು ಕೊಟ್ಟು ನೋಡುತ್ತಿರಲಿಲ್ಲ, ಉಪ್ಪಿನ ಡಬ್ಬಿ ಕೇಳಿದರೆ ದೂರದಿಂದ ತಳ್ಳುತ್ತಿದ್ದರು. ಮೊದಮೊದಲು ಮನಸ್ಸಿಗೆ ನೋವಾಗುತ್ತಿತ್ತು. ಆಮೇಲೆ ಅಭ್ಯಾಸವಾಯಿತು ಅಂತ ಹೇಳಿದರೆ ಸುಳ್ಳಾಗುತ್ತದೆ.

ಬರ್ಲ್ ಟ್ಯಾಕೆಟ್ ಒಬ್ಬನೇ ನನ್ನೆದುರು ಕೂರುತ್ತಿದ್ದವನು. ಹದಿಮೂರು ವರ್ಷದಿಂದ ತಂಡದ ಸೆಂಟರ್. ಸಾಲಿನ ನಟ್ಟನಡುವೆ ಬಗ್ಗಿ ನಿಂತು, ಚೆಂಡನ್ನು ಕಾಲುಗಳ ನಡುವಿನಿಂದ ಹಿಂದಕ್ಕೆ ಕೊಟ್ಟು, ಎದುರಿನಿಂದ ನುಗ್ಗುವವನನ್ನು ಎದೆಗೊಟ್ಟು ತಡೆಯುವುದು ಅವನ ಕೆಲಸ. ಬೇರೆ ಊರುಗಳಲ್ಲಿ ಸೆಂಟರಿನ ಹೆಸರು ಯಾರಿಗೂ ಗೊತ್ತಿರುವುದಿಲ್ಲ. ಉಕ್ಕಿನ ಕಾರ್ಖಾನೆ ಮುಚ್ಚಿದ ಮೇಲೆ ನಮ್ಮ ಊರಿಗೆ, ತಪ್ಪದೆ ದಿನವೂ ಕೆಲಸಕ್ಕೆ ಹೋಗುವ ಮನುಷ್ಯನನ್ನು ಕಂಡರೆ ಬಲು ಪ್ರೀತಿ. ಬರ್ಲ್ ಹದಿಮೂರು ವರ್ಷದಲ್ಲಿ ಒಂದೂ ಆಟ ತಪ್ಪಿಸಿರಲಿಲ್ಲ. ಕ್ಷೌರದಂಗಡಿಯಲ್ಲೂ ಅವನ ಫೋಟೊ ಇತ್ತು.

"ನನ್ನ ಜೊತೆ ಕೂರೋಕೆ ನಿಂಗೆ ಭಯ ಇಲ್ವೇನೋ?" ಅಂತ ಒಮ್ಮೆ ಕೇಳಿದ್ದೆ.

"ನೀನು ಬರೋ ದಿನ ಎಲ್ಲಿ ಕೂತಿದ್ರೂ ಬರ್ತೀಯ," ಎಂದ, ಸೂಪಿಗೆ ಬ್ರೆಡ್ಡು ಅದ್ದುತ್ತ. "ಒಂದು ಮಾತು ಕೊಡು. ಆವತ್ತು ಸುತ್ತಿ ಬಳಸಿ ಮಾತಾಡ್ಬೇಡ. ಉಳಿದೋರಿಗೆ ಹೇಳೋ ಹಾಗೇ ನಂಗೂ ಹೇಳು. ಅಷ್ಟು ಮಾಡು ಸಾಕು."

"ಆಯ್ತು ಮಾರಾಯ," ಎಂದೆ. ಕೊಟ್ಟ ಮಾತು ಅದು.

ತೊಂಬತ್ತೈದರಲ್ಲಿ ಹೊಸ ಕೋಚ್ ಬಂದ. ಗ್ರೇಡಿ ಥೋಲ್, ಮೂವತ್ತಾರು ವರ್ಷ, ಒಳ್ಳೆ ಹಲ್ಲು. ಮೊದಲ ದಿನವೇ ಗೋಡೆಗೆ ಒಂದು ಹಲಗೆ ಹೊಡೆಸಿದ: ನಾವು ಕಟ್ಟುತ್ತಿದ್ದೇವೆ. ಕಟ್ಟುವುದೆಂದರೆ ಮೊದಲು ಕೆಡವುವುದಂತೆ. ಕೆಡವುವ ಕೂಲಿ ನನ್ನ ಪಾಲಿಗೆ ಬಂತು. ಆಗಸ್ಟಿನಿಂದ ನವೆಂಬರಿನೊಳಗೆ ಹಳಬರಲ್ಲಿ ಹತ್ತೊಂಬತ್ತು ಜನರನ್ನು ಕರೆದುಕೊಂಡು ಹೋದೆ. ಥೋಲ್‌ಗೆ ಒಂದು ಹೆಮ್ಮೆ ಇತ್ತು. ಯಾರನ್ನೂ ಫೋನಿನಲ್ಲಿ, ಕಾಗದದಲ್ಲಿ ತೆಗೆಯುವುದಿಲ್ಲ, ಎದುರು ಕೂರಿಸಿಕೊಂಡು ತಾನೇ ಬಾಯಿಬಿಟ್ಟು ಹೇಳುತ್ತೇನೆ ಅಂತ. ಪತ್ರಿಕೆಯವರು ಅದನ್ನು ಹೊಗಳಿ ಬರೆದಿದ್ದರು ಕೂಡ.

ಬರ್ಲ್ ಉಳಿದುಕೊಂಡ. ಅವನಿಗೆ ಮೂವತ್ತೈದು. ಮೊಣಕಾಲು ಎರಡೂ ಹೋಗಿದ್ದವು, ಇದೇ ಕೊನೆಯ ವರ್ಷ ಅಂತ ತಾನೇ ಹೇಳಿಬಿಟ್ಟಿದ್ದ. ಅವನಿಗೆ ಬೇಕಿದ್ದದ್ದು ಒಂದೇ: ಕೊನೆಯ ಆಟ ನಮ್ಮದೇ ಮೈದಾನದಲ್ಲಿ, ಹೆಂಡತಿ ನೋರೀನ್ ಮತ್ತು ಹನ್ನೊಂದು ವರ್ಷದ ಮಗಳು ಮಾರ್ಲಾ ನೋಡುತ್ತಿರುವಾಗ ಆಡಿ ಮುಗಿಸುವುದು.

ಆ ಕೊನೆಯ ಆಟದ ಹೊತ್ತಿಗೆ ನಾವು ಹದಿನೈದರಲ್ಲಿ ಎರಡು ಗೆದ್ದಿದ್ದೆವು. ಮಣ್ಣು ಮುಕ್ಕಿದ್ದೆವು ಅನ್ನಿ. ಆದರೆ ಊರಿನಲ್ಲಿ ಯಾರ ಮುಖದಲ್ಲೂ ಬೇಸರವಿಲ್ಲ. ಎಲ್ಲರಿಗಿಂತ ಕೆಳಗೆ ನಿಂತ ತಂಡಕ್ಕೆ ವಸಂತದಲ್ಲಿ ಕಾಲೇಜು ಆಟಗಾರರ ಪೈಕಿ ಮೊದಲ ಆಯ್ಕೆ ಸಿಗುತ್ತದೆ, ಮತ್ತು ಆ ವರ್ಷ ಕಾಲೇಜಿನಲ್ಲಿ ಟ್ರೆಂಟನ್ ವೇಲ್ ಇದ್ದ. ಅರವತ್ತು ಗಜ ದೂರಕ್ಕೆ ಚೆಂಡೆಸೆದು ಬಕೆಟ್ಟಿನೊಳಗೆ ಬೀಳಿಸುತ್ತಾನೆ ಅಂತ ಮಾತು. ಭಾನುವಾರದ ಆ ಕೊನೆಯ ಆಟ ಸೋತರೆ ವೇಲ್ ನಮಗೆ. ಗೆದ್ದರೆ ಕೆಳಗಿನಿಂದ ಎರಡನೆಯ ತಂಡಕ್ಕೆ. ಇನ್ನೂ ನಮ್ಮವನಾಗದ ಹುಡುಗನ ಹೆಸರಿನ ಟೋಪಿ ಆಗಲೇ ಪೇಟೆಯಲ್ಲಿ ಮಾರಾಟಕ್ಕಿತ್ತು. ಇಂಥ ಊರು ನಮ್ಮದು.

ಶನಿವಾರ ಮಧ್ಯಾಹ್ನ ಥೋಲ್ ನನ್ನನ್ನು ಕೋಣೆಗೆ ಕರೆದು ಬಾಗಿಲು ಹಾಕಿದ.

"ಲೋರ್ನ್, ಟ್ಯಾಕೆಟ್‌ನ ಕರ್ಕೊಂಡ್ ಬನ್ನಿ."

"ಯಾಕೆ?" ಎಂದೆ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಕೇಳಿದ ಪ್ರಶ್ನೆ.

"ಹೊಸಬರನ್ನ ಆಡಿಸಿ ನೋಡ್ಬೇಕು. ಕಟ್ತಾ ಇದೀವಲ್ಲ."

"ನಾಳೆ ಒಂದೇ ಒಂದು ಆಟ, ಕೋಚ್. ಅವನ ಕೊನೇದು. ಬೆಂಚಲ್ಲಾದ್ರೂ ಇರ್ಲಿ."

"ಚೆನ್ನಾಗಿ ಓಡಾಡ್ತಿರೋನನ್ನ ಎಲ್ಲರ ಕಣ್ಣೆದುರು ಬೆಂಚಲ್ಲಿ ಕೂರಿಸಿದ್ರೆ ಲೀಗಿನೋರು ಏನಂತಾರೆ? ಬೇಕಂತ್ಲೇ ಸೋಲ್ತಿದಾರೆ ಅಂತಾರೆ. ಇವತ್ತೇ ತೆಗೆದ್ರೆ ಅದು ಬರೀ ಕಾಗದದ ಕೆಲಸ. ನಾಲ್ಕು ಗಂಟೆಯೊಳಗೆ ಲೀಗಿಗೆ ಕಾಗದ ಕಳಿಸ್ಬೇಕು. ಅಷ್ಟರೊಳಗೆ ಅವನು ಇಲ್ಲಿರ್ಲಿ." ಕಿಟಕಿಯ ಕಡೆ ತಿರುಗಿ ಇನ್ನೊಂದು ಮಾತು ಸೇರಿಸಿದ: "ನಂಗೇನು ಇಷ್ಟಾನಾ ಇದು? ಮೇಲಿಂದ ಬಂದಿರೋದು."

ಬರ್ಲ್‌ನ ಜಾಗಕ್ಕೆ ಬರುವ ಹುಡುಗ ಉದ್ದ ಒದೆತಕ್ಕೆ ಚೆಂಡು ಹಿಂದಕ್ಕೆ ಎಸೆದರೆ ಮೂರರಲ್ಲಿ ಒಂದು ಹಿಡಿಯುವವನ ತಲೆಯ ಮೇಲಿಂದ ಹಾರಿಹೋಗುತ್ತಿತ್ತು. ಅದು ಥೋಲ್‌ಗೂ ಗೊತ್ತು, ಮೇಲಿನವರಿಗೂ ಗೊತ್ತು. ಬೇಕಂತ ಸೋಲಿ ಎಂದು ಯಾರ ಬಾಯಲ್ಲೂ ಬರುವುದಿಲ್ಲ. ಗೆಲ್ಲಿಸುವವನನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರಾಯಿತು. ಥೂ, ಇದರ ಹೆಸರು "ಕಟ್ಟುವುದು" ಅಂತೆ.

ಬರ್ಲ್ ಎಲ್ಲಿರುತ್ತಾನೆಂದು ನನಗೆ ಗೊತ್ತಿತ್ತು. ಆಟದ ಹಿಂದಿನ ದಿನ ಡುಡೆಕ್‌ನ ಹೋಟೆಲಿನ ಹಿಂಬದಿಯ ಮೇಜಿನಲ್ಲಿ ಆಲೂಗಡ್ಡೆ ತುಂಬಿದ ಕಡುಬು, ಪಿಯೆರೋಗಿ, ಮೇಲೆ ಬೆಣ್ಣೆಯಲ್ಲಿ ಹುರಿದ ಈರುಳ್ಳಿ. ನಾನು ಹೋದಾಗ ಗೋಡೆಯ ಗಡಿಯಾರದಲ್ಲಿ ಎರಡೂ ಇಪ್ಪತ್ತು. ದಾರಿಯುದ್ದಕ್ಕೂ ಆ ವಾಕ್ಯವನ್ನೇ ಬಾಯಲ್ಲಿಟ್ಟುಕೊಂಡು ಬಂದಿದ್ದೆ.

"ಬಾ ಕೊಡಲಿ," ಎಂದು ಕಾಲಿನಿಂದಲೇ ಕುರ್ಚಿ ತಳ್ಳಿದ. "ಇನ್ನೊಂದು ತಟ್ಟೆ ತರ್ಸ್ತೀನಿ."

ಕೂತೆ. ಅವನು ಎರಡೂ ಮೊಣಕಾಲಿಗೆ ಮಂಜುಗಡ್ಡೆಯ ಚೀಲ ಕಟ್ಟಿಕೊಂಡಿದ್ದ.

"ಮಾರ್ಲಾ ನಾಳೆಗೆ ಬೋರ್ಡು ಬರ್ದಿದಾಳೆ," ಎಂದ. "ಅಪ್ಪ, ಮನೆಗೆ ಬಾ ಅಂತ. ನೋರೀನ್ ಈಗ್ಲೇ ಅಳ್ತಿದಾಳೆ. ಹುಚ್ಚು ಹೆಂಗಸು."

"ಕಾಲು ಹೇಗಿದೆ?"

"ನಿಜ ಹೇಳ್ಲಾ? ನಾಳೆ ಬೆಳಿಗ್ಗೆ ಯಾರಾದ್ರೂ ಬಂದು ಆಟ ಇಲ್ಲ ಕಣೋ ಅಂದ್ರೆ ಸದ್ಯ ಅಂತೀನೇನೋ." ನಕ್ಕ. ನಾನು ಆ ನಗುವನ್ನಷ್ಟೇ ಕೇಳಿಸಿಕೊಂಡೆ, ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಮೂರು ಗಂಟೆಯಾಯಿತು. ಎರಡನೇ ತಟ್ಟೆ ಬಂತು. ಅವನು ಹಳೇ ಕೋಚ್‌ಗಳ ಕತೆ ಹೇಳಿದ, ನಾನು ನಕ್ಕೆ. ಮೂರೂವರೆಗೆ ಒಮ್ಮೆ ಬಾಯಿ ತೆರೆದೆ, ಮತ್ತೆ ಪಿಯೆರೋಗಿ ತುರುಕಿಕೊಂಡೆ. ಈ ಮನುಷ್ಯ ಹನ್ನೊಂದು ವರ್ಷ ನನ್ನೆದುರು ಕೂತು ಉಂಡಿದ್ದಾನೆ, ಒಂದು ಆಟ ಅವನಿಗೆ ಕೊಡಲಾರೆನೆ ಅಂದುಕೊಂಡೆ. ಇಷ್ಟು ಜನರನ್ನು ಕಡಿದ ಕೈಯಲ್ಲಿ ಒಬ್ಬನನ್ನಾದರೂ ಉಳಿಸಿದೆನೆಂಬ ಆಸೆ ನನಗೂ ಇತ್ತೆಂದು ಈಗ ಒಪ್ಪಿಕೊಳ್ಳುತ್ತೇನೆ. ಗಡಿಯಾರ ನಾಲ್ಕು ದಾಟಿದಾಗ ಎದ್ದು, ಬಿಲ್ಲು ನಾನೇ ಕೊಡುತ್ತೇನೆಂದು ಹಟ ಹಿಡಿದೆ.

"ಏನು ಇವತ್ತು, ದಾನಶೂರ?" ಎಂದ ಬರ್ಲ್.

ಥೋಲ್‌ಗೆ ಹೇಳಿದೆ: "ಸಿಗ್ಲಿಲ್ಲ. ಮನೇಲೂ ಇಲ್ಲ." ಅವನು ನನ್ನ ಮುಖ ನೋಡಿದ, ಗಡಿಯಾರ ನೋಡಿದ. ಆಮೇಲೆ ಕಾಗದವನ್ನು ಮಡಚಿ ಮೇಜಿನ ಖಾನೆಗೆ ಹಾಕಿದ.

ಭಾನುವಾರ ಹಿಮ. ಬರ್ಲ್‌ನ ಹೆಸರು ಕೂಗಿದಾಗ ಐವತ್ತು ಸಾವಿರ ಜನ ಎದ್ದು ನಿಂತರು. ಅವನು ಹೆಲ್ಮೆಟ್ಟು ತೆಗೆದು ಕೈಯೆತ್ತಿದ. ಮೂರನೆಯ ಸಾಲಿನಲ್ಲಿ ಮಾರ್ಲಾಳ ಬೋರ್ಡು ಕಾಣಿಸುತ್ತಿತ್ತು. ನನ್ನ ಕಣ್ಣು ತುಂಬಿ ಬಂತು, ಸುಳ್ಳು ಯಾಕೆ ಹೇಳಲಿ. ಎಲ್ಲ ಅಲ್ಲಿಗೇ ಮುಗಿದಿದ್ದರೆ ನಾನು ಪುಣ್ಯವಂತ.

ಆದರೆ ಎದುರಿನ ತಂಡ ಪ್ಲೇಆಫ್‌ಗೆ, ಅಂದರೆ ಪ್ರಶಸ್ತಿಯ ಸುತ್ತಿಗೆ, ಆಗಲೇ ಸೇರಿಕೊಂಡಿತ್ತು, ತನ್ನ ಒಳ್ಳೆಯ ಆಟಗಾರರನ್ನೆಲ್ಲ ಕೂರಿಸಿತ್ತು. ನಮ್ಮ ಹುಡುಗರಿಗೆ ಮುಂದಿನ ವರ್ಷದ ಜಾಗ ಉಳಿಸಿಕೊಳ್ಳುವ ಚಿಂತೆ, ಅವರು ಜೀವ ಬಿಟ್ಟು ಆಡಿದರು. ಸೋಲುವುದು ಆಟಗಾರನ ಕೆಲಸವಲ್ಲ, ಮೇಲಿನವರ ಕೆಲಸ. ಕೊನೆಯಲ್ಲಿ ಆರು ಸೆಕೆಂಡು ಉಳಿದಾಗ ನಾವು ಎರಡು ಅಂಕ ಹಿಂದೆ ಇದ್ದೆವು. ನಲವತ್ತೊಂದು ಗಜದಿಂದ ಒದ್ದು ಕಂಬಗಳ ನಡುವೆ ಹಾಯಿಸಿದರೆ ಮೂರು ಅಂಕ.

ಆಗ ಗ್ಯಾಲರಿಯಲ್ಲಿ ಆ ಕೂಗು ಶುರುವಾಯಿತು. "ಸೋಲ್ರೋ... ಸೋಲ್ರೋ..." ಒಂದು ಮೂಲೆಯಿಂದ ಎದ್ದು ಇಡೀ ಮೈದಾನ ಸುತ್ತಿತು. ಬರ್ಲ್ ಚೆಂಡಿನ ಮೇಲೆ ಬಗ್ಗಿದ. ಕೈ ಮರಗಟ್ಟುವ ಚಳಿ, ಸೋಪಿನಂತೆ ಜಾರುವ ಚೆಂಡು. ಒಂದು ಗೇಣು ಮೇಲೆ ಎಸೆದಿದ್ದರೂ ಯಾರೂ ತಪ್ಪೆನ್ನುತ್ತಿರಲಿಲ್ಲ. ಅವನು ಹದಿಮೂರು ವರ್ಷ ಎಸೆದ ಹಾಗೇ ಎಸೆದ. ಚೆಂಡು ನೇರ ಹಿಡಿಯುವವನ ಕೈಗೆ ಹೋಯಿತು, ಅಲ್ಲಿಂದ ಒದೆಯುವವನ ಕಾಲಿಗೆ, ಕಾಲಿನಿಂದ ಕಂಬಗಳ ನಡುವೆ.

ಗೆದ್ದೆವು. ಅಂಥ ಸದ್ದನ್ನು ನಾನು ಹಿಂದೆ ಕೇಳಿರಲಿಲ್ಲ. ತಮ್ಮ ತಂಡ ಗೆದ್ದದ್ದಕ್ಕೆ ಐವತ್ತು ಸಾವಿರ ಜನ ಛೀ ಥೂ ಅಂದರು. ಬರ್ಲ್ ಆಟಗಾರರು ಒಳಗೆ ಹೋಗುವ ಸುರಂಗದ ಬಾಗಿಲಿಗೆ ಬರುವಾಗ ಮೇಲಿನಿಂದ ಬಿಯರ್ ಸುರಿಯಿತು. "ಮುದಿ ಕತ್ತೆ, ವೇಲ್‌ನ ಕಳ್ದಲ್ಲೋ," ಎಂದು ಒಬ್ಬ ಕಿರುಚಿದ. ಇನ್ನೊಬ್ಬ ಬರ್ಲ್‌ನ ನಂಬರಿನ ಅಂಗಿಯನ್ನು ಮೈಯಿಂದ ಬಿಚ್ಚಿ ಅವನ ತಲೆಯ ಮೇಲೇ ಎಸೆದ. ಮೂರನೆಯ ಸಾಲಿನಲ್ಲಿ ನೋರೀನ್ ಮಗಳ ಮುಖವನ್ನು ತನ್ನ ಕೋಟಿನೊಳಗೆ ಒತ್ತಿ ಹಿಡಿದಿದ್ದಳು. ಬೋರ್ಡು ಯಾರ ಕಾಲಡಿಗೋ ಸಿಕ್ಕಿತ್ತು.

ಒಳಗೆ ಥೋಲ್ ಬಿಳಿಚಿಕೊಂಡು ನಿಂತಿದ್ದ. ಎಲ್ಲರೆದುರಿಗೇ ಕೇಳಿದ: "ಟ್ಯಾಕೆಟ್, ನಿನ್ನೆ ಮಧ್ಯಾಹ್ನ ಎಲ್ಲಿಗೆ ಹೋಗಿದ್ದೆ? ನಿನ್ನನ್ನ ಕರೆಸೋಕೆ ಲೋರ್ನ್‌ನ ಕಳ್ಸಿದ್ದೆ. ನಾಲ್ಕು ಗಂಟೆ ತನಕ ಹುಡುಕಿದ್ರಂತೆ."

ನನ್ನನ್ನು ಕಳಿಸಿದರೆಂದರೆ ಏನರ್ಥ ಅಂತ ಅಲ್ಲಿ ಗೊತ್ತಿಲ್ಲದವರಿಲ್ಲ. ಬರ್ಲ್ ಗಡ್ಡದಿಂದ ಬಿಯರ್ ಒರೆಸಿಕೊಳ್ಳುತ್ತಿದ್ದ. ಕೈ ನಿಂತಿತು. ನನ್ನ ಕಡೆ ನೋಡಿದ. ನಾನು ನೆಲ ನೋಡಿದೆ.

"ಸರೋವರಕ್ಕೆ ಮೀನು ಹಿಡಿಯೋಕೆ ಹೋಗಿದ್ದೆ ಕೋಚ್," ಎಂದ. "ಯಾರೂ ಸಿಗ್ಲಿಲ್ಲ ನಂಗೆ."

ಅವನ ಆ ಸುಳ್ಳಿನಿಂದ ನನ್ನ ಕೆಲಸ ಉಳಿಯಿತು.

ಮರುದಿನ ಸೋಮವಾರ ಎಲ್ಲರೂ ತಮ್ಮ ಸಾಮಾನು ಕಟ್ಟಿಕೊಂಡು ಹೋಗುವ ದಿನ. ಬೆಳಗಿನ ಪತ್ರಿಕೆಯಲ್ಲಿ ಬರ್ಲ್ ಬಗ್ಗಿ ನಿಂತ ಚಿತ್ರ, ಕೆಳಗೆ ದೊಡ್ಡ ಅಕ್ಷರದಲ್ಲಿ "ಧನ್ಯವಾದ, ಮಹಾಶಯ". ಕ್ಷೌರದಂಗಡಿಯವನು ಗೋಡೆಯಿಂದ ಅವನ ಫೋಟೊ ಕಿತ್ತುಹಾಕಿದ್ದನ್ನು ಬರುವ ದಾರಿಯಲ್ಲಿ ಕಣ್ಣಾರೆ ಕಂಡಿದ್ದೆ. ನಾನು ಎಂದಿನ ಮೇಜಿನಲ್ಲಿ ಒಬ್ಬನೇ ಕಾಫಿ ಹಿಡಿದು ಕೂತಿದ್ದೆ. ಬರ್ಲ್ ಕುಂಟುತ್ತ ಬಂದು ಎದುರು ನಿಂತ. ಕೈಯಲ್ಲಿ ಪುಸ್ತಕವಿತ್ತು.

"ಕೂರೋ," ಎಂದೆ.

ಕೂರಲಿಲ್ಲ.

"ಒಂದು ಆಟ ಕೊಡೋಣ ಅಂದ್ಕೊಂಡೆ, ಬರ್ಲ್. ನಿನ್ನ ಆಸೆ ಅದೊಂದೇ ಇತ್ತಲ್ಲ."

"ಗೊತ್ತು," ಎಂದ. ಧ್ವನಿಯಲ್ಲಿ ಸಿಟ್ಟೇ ಇರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು. "ಶನಿವಾರ ನೀನು ಹೇಳಿದ್ರೆ ಅತ್ಕೊಂಡು ಮನೆಗೆ ಹೋಗ್ತಿದ್ದೆ. ಊರೋರು ಥೋಲ್‌ನ ಬೈಕೊಂಡು ನನ್ನ ಫೋಟೊಗೆ ಹಾರ ಹಾಕ್ತಿದ್ರು. ಅದು ಹೋಗ್ಲಿ ಬಿಡು. ನಿನ್ನೆ ರಾತ್ರಿ ಮಾರ್ಲಾ ಕೇಳಿದ್ಲು, ಅಪ್ಪ, ನೀನು ಏನು ತಪ್ಪು ಮಾಡಿದೆ ಅಂತ. ಏನ್ ಹೇಳ್ಲಿ?"

ನಾನು ಕಾಫಿಯ ಲೋಟವನ್ನು ಪಕ್ಕಕ್ಕೆ ಸರಿಸಿದೆ.

"ಮಾತು ಕೊಟ್ಟಿದ್ದೆ ನೀನು. ಎಲ್ಲರಿಗೂ ಹೇಳೋ ಹಾಗೆ ಹೇಳು ಅಂದಿದ್ದೆ. ಬಂಡಿಯೊಳಗೆ ಬಚ್ಚಿಟ್ಕೊಂಡೋನಿಗೂ ಹೇಳಿದೀಯ. ಎರಡು ಗಂಟೆ ಎದುರಿಗೆ ಕೂತು ನನ್ನ ಜೊತೆ ತಿಂದೆ, ನಕ್ಕೆ. ನಂಗೊಬ್ಬನಿಗೆ ಹೇಳೋಕಾಗ್ಲಿಲ್ಲ."

ಪುಸ್ತಕವನ್ನು ನನ್ನ ಕಾಫಿಯ ಪಕ್ಕ ಇಟ್ಟ. ಹದಿಮೂರು ವರ್ಷದ ಬೆವರಿಗೆ ಅದರ ಅಂಚು ಕಪ್ಪಾಗಿತ್ತು.

"ತಗೊಂಡು ಬಂದಿದೀನಿ," ಎಂದ.

ನಂತರ ಅಡುಗೆಯವಳ ಹತ್ತಿರ ಹೋಗಿ ಒಂದು ಬಟ್ಟಲು ಸೂಪು, ಬ್ರೆಡ್ಡು ಇಸಿದುಕೊಂಡ. ಕೋಣೆಯ ಆ ಕಡೆಯ ತುದಿಯಲ್ಲಿ, ಹುಡುಗರ ಮೇಜಿನಲ್ಲಿ, ನನಗೆ ಬೆನ್ನು ಹಾಕಿ ಕೂತು ಉಂಡ.