ತುಳಸಿಯ ಮಾಮಾ

ಬಂಗಾಳದ ಆಲಿಪುರ ಕೋರ್ಟಿನಲ್ಲಿ ಗಂಡ-ಹೆಂಡಿರ ಜಗಳದ ಕೇಸುಗಳನ್ನೇ ಹೆಚ್ಚಾಗಿ ನಡೆಸುತ್ತಿದ್ದ ವಕೀಲೆ ಜಯಂತಿ, ಮೀನಿನಿಂದ ಮುರಿದ ಸಂಸಾರವನ್ನು ಅದುವರೆಗೆ ಕಂಡಿರಲಿಲ್ಲ. ಡಮ್ ಡಮ್‌ನ ರೈಲ್ವೆ ಗುಮಾಸ್ತ ಹೊನ್ನಪ್ಪ, ಬಂಗಾಳಿ ಗೆಳೆಯರ ಮಾತು ಕೇಳಿ ಇಲಿಶ್ ಮೀನು ತಂದು, ಹೆಂಡತಿಯ ರೊಟ್ಟಿ ಹಂಚಿನ ಮೇಲೇ ಹುರಿದಿದ್ದ. ಧಾರವಾಡದ ತುಳಸಿ ಮೀನಿನ ವಾಸನೆಯನ್ನೂ ಸಹಿಸಿದವಳಲ್ಲ. ಸದರ್ನ್ ಅವೆನ್ಯೂವಿನ ಗೆಳತಿಯ ಮನೆ ಸೇರಿ ಜೀವನಾಂಶಕ್ಕೆ ಅರ್ಜಿ ಹಾಕಿಸಿದಳು. ಉಡುಪಿ ಕಡೆಯ ಜಯಂತಿಗೋ ಇಲಿಶ್ ಎಂದರೆ ಪ್ರಾಣ. ಕಕ್ಷಿದಾರಳ ಮುಂದೆ ಬಾಯಿ ಬಿಡಲಿಲ್ಲ ಅಷ್ಟೆ.

ಮೊದಲ ತಾರೀಖಿನ ದಿನ ವರಾಂಡದಲ್ಲಿ ಗಂಡನನ್ನು ಕಂಡದ್ದೇ ತುಳಸಿ ಕೂಗಿದಳು: “ಮಾಮಾ, ಬಿಪಿ ಗುಳಿಗಿ ತಗೊಂಡೀಯೇನು?”

ಹೊನ್ನಪ್ಪನ ವಕೀಲ ನಿಖಿಲೇಶ ಬಾಗ್ಚಿಯ ಕಿವಿ ನೆಟ್ಟಗಾಯಿತು. ಬಂಗಾಳಿಯಲ್ಲೂ ಮಾಮಾ ಎಂದರೆ ತಾಯಿಯ ಒಡಹುಟ್ಟಿದವನೇ. ವಿಚಾರಿಸಿದರೆ ನಿಜ, ತುಳಸಿ ಹೊನ್ನಪ್ಪನ ಸ್ವಂತ ಅಕ್ಕನ ಮಗಳು! ಬಾಗ್ಚಿ ಬಾರ್ ಲೈಬ್ರರಿಯ ದಪ್ಪ ಪುಸ್ತಕಗಳನ್ನೆಲ್ಲ ತಿರುವಿ ಹಾಕಿದ. ಸೋದರಮಾವನೊಡನೆ ಮದುವೆ ಕಾನೂನಿನಲ್ಲಿ ನಿಷಿದ್ಧ, ಆದ್ದರಿಂದ ಇದು ಮದುವೆಯೇ ಅಲ್ಲ ಎಂದು ಇಂಗ್ಲಿಷಿನಲ್ಲಿ ಉತ್ತರ ಸಲ್ಲಿಸಿದ. ಹೊನ್ನಪ್ಪ ಓದದೆಯೇ ಸಹಿ ಹಾಕಿದ.

ರೂಢಿ ಇರುವಲ್ಲಿ ಇಂಥ ಮದುವೆ ಸಿಂಧು ಎಂದು ಅದೇ ಕಾನೂನು ಹೇಳುವುದು ಜಯಂತಿಗೆ ಗೊತ್ತಿತ್ತು. ದಕ್ಷಿಣದ ತೀರ್ಪುಗಳ ಸಂಪುಟವೂ ಲೈಬ್ರರಿಯಲ್ಲಿ ಸಿಕ್ಕಿತು. ಆದರೆ ಬೇಕಾದ ಪುಟಗಳನ್ನೇ ಯಾರೋ ಪುಣ್ಯಾತ್ಮರು ಹರಿದೊಯ್ದಿದ್ದರು.

“ಬರ್ಕೊಳ್ಳಲಿಕ್ಕೆ ಎಂತ ದಾಡಿ ಇವರಿಗೆ!” ಎಂದು ಗೊಣಗುತ್ತಾ, ಕಾನೂನಿನ ಆ ಒಂದು ಸಾಲನ್ನೇ ನೆಚ್ಚಿಕೊಂಡು ವಿಚಾರಣೆಗೆ ಹೋದಳು.

ಆ ದಿನ ಕೆಂಬಾವುಟದ ಮೆರವಣಿಗೆಯಿಂದ ಟ್ರಾಮ್‌ಗಳೆಲ್ಲ ನಿಂತು, ನ್ಯಾಯಾಧೀಶರು ತಡವಾಗಿ, ಬೆವರುತ್ತಾ ಬಂದರು. “ಪುಸ್ತಕದ ಸಾಲು ಸಾಲದು,” ಎಂದರು. “ಈ ಮನೆತನದಲ್ಲಿ ಆ ರೂಢಿ ಉಂಟೆಂದು ಹೇಳುವವರು ಯಾರು?”

ಜಯಂತಿ ಹೊನ್ನಪ್ಪನ ಕಡೆ ತಿರುಗಿ ಕನ್ನಡದಲ್ಲೇ ಕೇಳಿದಳು: “ತುಳಸಿಯನ್ನು ನೀವು ಮದುವೆಯೇ ಆಗ್ಲಿಲ್ಲ ಅಂತ ನಿಮ್ಮ ವಕೀಲರು ಹೇಳಿದ್ದು, ನಿಮಗೆ ಗೊತ್ತುಂಟಾ ಮಾರಾಯ್ರೆ?”

“ಏನಂದ್ರಿ? ಮದಿವಿ ಆಗಿಲ್ಲಾ? ನಮ್ಮಕ್ಕ ಕೇಳಿದ್ರ ನನ್ನ ಕಾಲು ಮುರೀತಾಳ!”

ಬಾಗ್ಚಿ ಅಂಗಿ ಹಿಡಿದೆಳೆದರೂ ಕೇಳದೆ ಹೊನ್ನಪ್ಪ ಕಟಕಟೆ ಹತ್ತಿಬಿಟ್ಟ. ಹಿಂದಿ, ಬಂಗಾಳಿ ಎರಡನ್ನೂ ಕಲಸಿ ಶುರುಮಾಡಿದ. ತನ್ನಪ್ಪ ತಂದದ್ದು ಅಕ್ಕನ ಮಗಳನ್ನು, ಅಜ್ಜನೂ ಹಾಗೇ. ಮನೆಯಲ್ಲೇ ಹೆಣ್ಣಿದ್ದೂ ಹೊರಗಿನವಳನ್ನು ತಂದ ಚಿಕ್ಕಪ್ಪನ ಮದುವೆಯಲ್ಲಿ ಬಳಗದವರು ಉಣ್ಣದೆ ಎದ್ದು ಹೋಗಿದ್ದರು. ನ್ಯಾಯಾಧೀಶರು ವಂಶವೃಕ್ಷ ಬರೆಯಲು ಹೋಗಿ, ಗೆರೆಗೆ ಗೆರೆ ಸಿಕ್ಕು ಬಿದ್ದು ಪೆನ್ನು ಕೆಳಗಿಟ್ಟರು.

“ಅಂದರೆ ನಿಮ್ಮ ಅತ್ತೆಯೇ ನಿಮ್ಮ ಅಕ್ಕ?”

“ಹೌದು ಸಾಹೇಬರೆ. ಅದಕ್ಕೇ ಡಬಲ್ ಹೆದರಿಕೆ.”

ಕೋರ್ಟೆಲ್ಲ ನಕ್ಕಿತು. ಮದುವೆ ಸಿಂಧುವೆಂದು ನ್ಯಾಯಾಧೀಶರು ಅಲ್ಲೇ ಬರೆಸಿದರು. ಬಾಗ್ಚಿ ಕನ್ನಡಕ ಒರೆಸುತ್ತಾ ಕೂತ.

ಹೊರಗೆ ಬಂದ ಹೊನ್ನಪ್ಪ ತಲೆ ತಗ್ಗಿಸಿ, “ತಪ್ಪಾತು, ಮನಿಗೆ ನಡಿ,” ಎಂದ. ತುಳಸಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಹೊರಟೇಬಿಟ್ಟಳು.

“ಹಾಗಾದರೆ ಅರ್ಜಿ ವಾಪಸ್ ತಗೊಳ್ಳುವಾ?” ಜಯಂತಿ ಕೇಳಿದಳು.

ಗಂಡ ಮುಂದೆ ಹೋಗುವವರೆಗೆ ಕಾದು ತುಳಸಿ ಪಿಸುಗುಟ್ಟಿದಳು: “ಬ್ಯಾಡ್ರಿ ಅಕ್ಕಾರ, ಇನ್ನೊಂದು ತಾರೀಖು ಇಸಗೋರಿ. ತಾರೀಖು ಇದ್ರ ಮಾಮಾ ಛಲೋ ಇರ್ತಾನ.”