ಮರಿಮಲ್ಲಪ್ಪನ ಟ್ರಾಕ್ಟರಿಗೆ ವಿಭೂತಿ

ಭೀಮನಬೀಡಿನ ಮರಿಮಲ್ಲಪ್ಪ ಊಟಿ ಕಡೆಯಿಂದ ಟ್ರಾಕ್ಟರ್ ತಂದಿದ್ದಾನಂತೆ ಎಂಬ ಸುದ್ದಿ ಕೇಳಿ ನೋಡಲು ಬಂದವರೆಲ್ಲ ಮೊದಲು ಕೇಳುತ್ತಿದ್ದುದು, ಟ್ರಾಕ್ಟರ್ ಎಲ್ಲಿ ಅಂತ. ಅದು ಅವರ ಎದುರಿಗೇ ನಿಂತಿರುತ್ತಿತ್ತು. ಎಮ್ಮೆಕರುವಿನಷ್ಟು ಎತ್ತರ, ಕೂರುವುದಕ್ಕೆ ಒಂದು ಕಬ್ಬಿಣದ ತಟ್ಟೆ, ಒಂದು ಕಾಲದಲ್ಲಿ ಕೆಂಪಗಿತ್ತು ಅಂತ ಹೇಳಿಕೊಳ್ಳಬಹುದಾದ ಬಣ್ಣ. ಟೀ ಎಸ್ಟೇಟಿನ ಬಂಗಲೆಯಲ್ಲಿ ಬಿಳಿ ದೊರೆ ಇದ್ದಾಗ ಹೂದೋಟದ ಮಣ್ಣು ಕೆದಕುವುದಕ್ಕೆ ತರಿಸಿದ್ದಂತೆ. ದೊರೆ ಹೋದ ಮೇಲೆ ಅದು ಷೆಡ್ಡಿನಲ್ಲಿ ಕೋಳಿಗಳು ಮೊಟ್ಟೆ ಇಡುವ ಜಾಗವಾಗಿ ಉಳಿದುಕೊಂಡಿತು. ತೊಂಬತ್ನಾಲ್ಕರಲ್ಲಿ ಬಂಗಲೆಯ ಗುಜರಿ ಹರಾಜಾದಾಗ ಕ್ಯಾರೆಟ್ ಲಾರಿಯವನ ಜೊತೆ ಸುಮ್ಮನೆ ಊಟಿ ನೋಡಲು ಹೋಗಿದ್ದ ಮರಿಮಲ್ಲಪ್ಪ ಅದನ್ನು ಕಂಡು ಮನಸೋತು, ಕ್ಯಾರೆಟ್ ಮೂಟೆಗಳ ಮೇಲೆ ಕೂರಿಸಿಕೊಂಡು ಬಂದ. ಹೆಣ್ಣು ನೋಡಲು ತನ್ನ ತವರು ಉಡಿಗಾಲಕ್ಕೆ ಬಂದ ದಿನವೂ ಈ ಮನುಷ್ಯನ ಮುಖದಲ್ಲಿ ಅಂಥ ಕಳೆ ಇರಲಿಲ್ಲ ಅಂತ ಹೆಂಡತಿ ಮಲ್ಲಾಜಮ್ಮನಿಗೆ ಅನ್ನಿಸಿತು.

ತಂದದ್ದು ತಂದ, ತೆಪ್ಪಗಿರಬೇಕಿತ್ತು. ಇರಲಿಲ್ಲ. ಅವನ ಚಿಕ್ಕಪ್ಪನ ಮಗ ಸೋಮೇಶ ಗುಂಡ್ಲುಪೇಟೆಯಲ್ಲಿ ಗೊಬ್ಬರದ ಅಂಗಡಿ ಇಟ್ಟವನು, ಹೊಸ ದೊಡ್ಡ ಟ್ರಾಕ್ಟರ್ ಇಟ್ಟವನು, ಎಲ್ಲಕ್ಕಿಂತ ಮುಖ್ಯವಾಗಿ ನಾಲಿಗೆ ಉದ್ದ ಇಟ್ಟವನು. ಅರಳಿಕಟ್ಟೆಯ ಮುಂದೆ ಹತ್ತು ಜನ ಕೂತಿದ್ದಾಗ, "ಅಣ್ಣಾ, ಇದಕ್ಕೆ ಹುಲ್ಲಾಕ್ತೀಯೋ ಹಾಲು ಕುಡಿಸ್ತೀಯೋ" ಅಂದ. ಮರಿಮಲ್ಲಪ್ಪನಿಗೆ ಪಿತ್ತ ನೆತ್ತಿಗೇರಿತು. "ನಗಪ್ಪಾ ನಗು. ಇದು ಸ್ಟಾರ್ಟ್ ಆದ ದಿನ ಎತ್ತ ತೆರಕಣಾಂಬಿ ದಲ್ಲಾಳಿ ಕೈಗೆ ಕೊಡ್ತೀನಿ. ಆಮೇಲೆ ನನ್ ಅರಿಸಿನದೊಲಕ್ಕೆ ಎತ್ತು ಕಾಲಿಟ್ರೆ ಕೇಳು" ಅಂದುಬಿಟ್ಟ.

ಮಾತು ಮನೆಗೆ ಅವನಿಗಿಂತ ಮೊದಲೇ ಬಂತು. ಮಲ್ಲಾಜಮ್ಮ ರಾಗಿಹಿಟ್ಟು ಜರಡಿ ಹಿಡಿಯುತ್ತಿದ್ದವಳು ಅಲ್ಲೇ ಕೂತಳು.

ಎತ್ತು ಎರಡಿದ್ದವು, ಕೆಂದ ಮತ್ತು ಬೂದ. ಬೂದನನ್ನು ಕೊಂಡು ತಂದದ್ದು. ಕೆಂದ ಉಡಿಗಾಲದ್ದು. ಅವಳಪ್ಪ ತೀರಿಕೊಳ್ಳುವ ಹಿಂದಿನ ವರ್ಷ ಕರುವಿನ ಹಗ್ಗ ಮಗಳ ಕೈಗೆ ಕೊಟ್ಟು, ಹೇಳಲು ಬೇರೇನೂ ತೋಚದೆ, "ನೀರು ಜಾಸ್ತಿ ಕುಡೀತದೆ, ನೋಡ್ಕೊ" ಅಂದಿದ್ದ. ಅಪ್ಪನ ಫೋಟೋ ಅವಳ ಹತ್ತಿರ ಒಂದೂ ಇರಲಿಲ್ಲ. ಇದ್ದದ್ದು ಕೆಂದ. ಎರಡಕ್ಕೂ ಈಗ ವಯಸ್ಸಾಗಿತ್ತು. ವಯಸ್ಸಾದ ಎತ್ತು ಸಂತೆಯಿಂದ ಘಾಟಿ ಇಳಿದರೆ ಉಳುವುದಕ್ಕಂತೂ ಹೋಗುವುದಿಲ್ಲ ಅನ್ನುವುದು ಆ ಸೀಮೆಯ ಎಳೆ ಮಕ್ಕಳಿಗೂ ಗೊತ್ತು. ಗಂಡನಿಗೆ ಇದನ್ನೆಲ್ಲ ಬಿಡಿಸಿ ಹೇಳಬಹುದಿತ್ತು. ಆದರೆ ಹತ್ತು ಜನರ ಮುಂದೆ ಗಂಡಸು ಆಡಿದ ಮಾತನ್ನು ಹೆಂಡತಿ ವಾಪಸು ತೆಗೆಸುವುದು ಆ ಮನೆಯಲ್ಲಿ ನಡೆದುಬಂದದ್ದಲ್ಲ. ಹೀಗಾಗಿ ಅವಳು ಬಾಯಿ ಮುಚ್ಚಿಕೊಂಡು, ಆ ಕಬ್ಬಿಣದ ಪಿಂಡ ಜನ್ಮದಲ್ಲಿ ಸ್ಟಾರ್ಟ್ ಆಗದಿರಲಪ್ಪ ಅಂತ ದಿನಾ ಲಿಂಗಪೂಜೆಯಲ್ಲಿ ಬೇಡಿಕೊಳ್ಳತೊಡಗಿದಳು.

ಕೊಟ್ಟಿಗೆಯಲ್ಲಿ ಬೂದನ ಜಾಗ ಟ್ರಾಕ್ಟರಿಗೆ ಹೋಯಿತು. ಹಿಂದಿನ ಅಚ್ಚಿನ ಕೆಳಗೆ ಕಲ್ಲು ಕೊಟ್ಟು ಚಕ್ರ ನೆಲ ಬಿಡುವಂತೆ ಎತ್ತಿ ನಿಲ್ಲಿಸಿ, ಮರಿಮಲ್ಲಪ್ಪ ಒಂದೊಂದೇ ಬಿಚ್ಚಿದ. ಕೋಳಿಪುಕ್ಕ ತೆಗೆದ. ತುಕ್ಕಿಗೆ ಸೀಮೆಎಣ್ಣೆ ಕುಡಿಸಿದ. ಪಿಸ್ಟನ್ನಿನ ರಿಂಗು ಮೈಸೂರಿನಲ್ಲಿ ಸಿಗದೆ, ಯಾವುದೋ ಪಂಪ್‌ಸೆಟ್ಟಿನದನ್ನು ಅರ ಹಾಕಿ ಉಜ್ಜಿ ಕೂರಿಸಿದ. ಸುಳ್ಳೇಕೆ, ಮನುಷ್ಯನಿಗೆ ಕೈಯಿತ್ತು. ಬೆಳಿಗ್ಗೆ ಬಿಚ್ಚಿದ್ದನ್ನು ಸಂಜೆ ಜೋಡಿಸಿದರೆ ಒಂದು ನಟ್ಟೂ ಮಿಗುತ್ತಿರಲಿಲ್ಲ, ಎಸ್ಟೇಟಿನವರು ಬಿಟ್ಟುಕೊಟ್ಟಿದ್ದ ಹಗ್ಗವನ್ನು ಎಂಜಿನ್ನಿನ ಗಾಲಿಗೆ ಸುತ್ತಿ ಎಳೆದರೆ ಒಳಗಿನದೆಲ್ಲ ನೀಟಾಗಿ ತಿರುಗುತ್ತಿತ್ತು. ಕಿಡಿ ಮಾತ್ರ ಹಾರುತ್ತಿರಲಿಲ್ಲ.

ಕಿಡಿ ಹುಟ್ಟುವ ಜಾಗ ಎಂಜಿನ್ನಿನ ಪಕ್ಕದಲ್ಲಿತ್ತು. ದುಂಡು ಮುಚ್ಚಳ ತೆಗೆದರೆ ಒಳಗೆ ಎರಡು ಪುಟ್ಟ ಲೋಹದ ತುದಿಗಳು. ಮೆಕ್ಯಾನಿಕ್ಕುಗಳು ಅದಕ್ಕೆ ಪಾಯಿಂಟು ಅನ್ನುತ್ತಾರೆ. ಅವು ಒಂದಕ್ಕೊಂದು ತಾಗಿ ಬಿಡಬೇಕು, ತಾಗುವ ಕಡೆ ಶುಭ್ರವಾಗಿರಬೇಕು. ಅಷ್ಟು ಮರಿಮಲ್ಲಪ್ಪನಿಗೆ ಗೊತ್ತಿತ್ತು. ಶುಭ್ರ ಮಾಡುವುದು ಹೇಗೆ ಅಂತ ತಲೆ ಕೆರೆದುಕೊಳ್ಳುತ್ತಿದ್ದಾಗ ಪಡಸಾಲೆಯಲ್ಲಿ ಮಲ್ಲಾಜಮ್ಮ ಅವನ ಬೆಳ್ಳಿ ಕರಡಿಗೆಯನ್ನು, ಅಂದರೆ ಕೊರಳಿಗೆ ಹಾಕುವ ಲಿಂಗದ ಭರಣಿಯನ್ನು, ವಿಭೂತಿ ಹಚ್ಚಿ ಬಟ್ಟೆಯಲ್ಲಿ ತಿಕ್ಕುತ್ತಿದ್ದಳು. ಕರಡಿಗೆ ಥಳಥಳ ಅಂತಿತ್ತು. ಮರಿಮಲ್ಲಪ್ಪನ ಕಣ್ಣೂ ಥಳಥಳ ಅಂದವು.

"ಅಮ್ಮಿ, ಆ ಇಬೂತಿ ಗಟ್ಟಿ ಕೊಡಿಲ್ಲಿ."

ಅಂದಿನಿಂದ ಪಾಯಿಂಟಿಗೆ ದಿನಾ ವಿಭೂತಿಯ ಮಜ್ಜನ. ಉಜ್ಜಿದಷ್ಟೂ ಹೊಳೆಯುತ್ತಿತ್ತು. ಉಜ್ಜಿ ಮುಗಿದ ಮೇಲೆ, ಶಿವನಿಗೆ ಬೇಸರವಾಗಬಾರದು ಅಂತ, ಒಂದು ಚಿಟಿಕೆ ಅಲ್ಲೇ ಇಟ್ಟು ಕೈಮುಗಿದು ಮುಚ್ಚಳ ಹಾಕುತ್ತಿದ್ದ. ಆಮೇಲೆ ಹಗ್ಗ ಸುತ್ತಿ ಎಳೆಯುವುದು, ಎಳೆಯುವುದು, ಎಳೆಯುವುದು. ಎಂಜಿನ್ನು ಮುದುಕ ಕೆಮ್ಮಿದ ಹಾಗೆ ಒಂದು ಸದ್ದು ಮಾಡಿ ಸುಮ್ಮನಾಗುತ್ತಿತ್ತು.

ಗುಂಡ್ಲುಪೇಟೆಯ ಊಟಿ ರಸ್ತೆಯಲ್ಲಿ ವರ್ಕ್‌ಶಾಪ್ ಇಟ್ಟಿದ್ದ ಮಲೆಯಾಳಿ ಮೇಸ್ತ್ರಿಯೊಬ್ಬ ಈ ವಿಚಿತ್ರ ನೋಡಲು ಒಂದು ಮಧ್ಯಾಹ್ನ ಮೊಪೆಡ್ ಮೇಲೆ ಬಂದ. ಮರಿಮಲ್ಲಪ್ಪ ಹೊಲದಲ್ಲಿದ್ದ. ಮೇಸ್ತ್ರಿ ಮುಚ್ಚಳ ತೆಗೆದವನೇ ಹೊಟ್ಟೆ ಹಿಡಿದುಕೊಂಡು ನಕ್ಕ.

"ಚೇಚಿ, ಇಲ್ಲಿ ಬೂದಿ ಕೂತ್ರೆ ಕರೆಂಟ್ ಹೆಂಗೆ ಪಾಸ್ ಆಗ್ತದೆ? ಉಪ್ಪುಕಾಗದ ತಗೊಂಡು ಉಜ್ಜಿ, ಪೆಟ್ರೋಲ್ ಬಟ್ಟೇಲಿ ಒರೆಸಿದ್ರೆ ಮುಗೀತು. ಒಂದೇ ಎಳೆತಕ್ಕೆ ಬರ್ತದೆ. ಯಜಮಾನ್ರಿಗೆ ಹೇಳಿ." ಹೇಳಿ, ಅಲ್ಲೇ ಒಂದು ತುಂಡು ತರಿತರಿ ಉಪ್ಪುಕಾಗದವನ್ನೂ ಇಟ್ಟ.

ಮಲ್ಲಾಜಮ್ಮ ಅವನಿಗೆ ಮಜ್ಜಿಗೆ ಕೊಟ್ಟಳು. ಇನ್ನೊಂದು ಲೋಟ ಕೊಟ್ಟಳು. ಹೇಳ್ತೀನಿ ಅಂದಳು. ಅವನ ಮೊಪೆಡ್ ಸದ್ದು ಊರು ದಾಟುವುದರೊಳಗೆ ಉಪ್ಪುಕಾಗದ ಅಕ್ಕಿ ಡಬ್ಬದ ತಳ ಸೇರಿತ್ತು. ಸಂಜೆ ಗಂಡ ಕೈಕಾಲು ತೊಳೆದು ಕೊಟ್ಟಿಗೆಗೆ ಹೊರಟಾಗ ಅವಳೇ ಹೊಸ ವಿಭೂತಿ ಗಟ್ಟಿಯನ್ನು ಕೈಗಿಟ್ಟಳು. "ಚೆನ್ನಾಗಿ ಬಳೀರಿ, ಕಡ್ಮೆ ಮಾಡ್‌ಬ್ಯಾಡಿ" ಅಂದಳು.

ಪಾಪ ಅಂತ ಅವಳಿಗೆ ಅನ್ನಿಸಲಿಲ್ಲವೇ? ಅನ್ನಿಸಿತು. ಆದರೆ ಅವಳ ಲೆಕ್ಕ ನೇರವಾಗಿತ್ತು. ತಾನು ಬೇಡಿಕೊಂಡದ್ದು ಶಿವನನ್ನು, ಅಡ್ಡ ಕೂತಿರುವುದು ಶಿವನ ಬೂದಿ, ಇದರಲ್ಲಿ ತನ್ನ ಕೈವಾಡ ಏನಿದೆ? ಆ ಮನೆಯಲ್ಲಿ ವಿಭೂತಿ ಖರ್ಚಾಗುವ ರೀತಿ ನೋಡಿ ಮಠದ ಲಿಂಗಯ್ಯನವರು, "ಇಂಥ ಭಕ್ತಿ ಈಗಿನ ಕಾಲದಲ್ಲಿ ಎಲ್ಲದೆ ತಾಯಿ" ಅಂತ ಕಣ್ಣು ತುಂಬಿಕೊಂಡರು. ಮಲ್ಲಾಜಮ್ಮ ತಲೆ ತಗ್ಗಿಸಿ ಆಶೀರ್ವಾದ ಪಡೆದಳು, ಜೊತೆಗೆ ಇನ್ನೂ ನಾಲ್ಕು ಗಟ್ಟಿ.

ಯುಗಾದಿ ಕಳೆಯಿತು, ಅರಿಸಿನ ನಾಟಿಯಾಯಿತು, ಕೆಂದ ಬೂದ ಎಂದಿನಂತೆ ಉತ್ತವು. ಮರಿಮಲ್ಲಪ್ಪನಿಗೆ ಊರು ಹಗ್ಗದ ಮಲ್ಲಪ್ಪ ಅಂತ ಹೆಸರಿಟ್ಟಿತು. ಅವನು ದಾರಿಯಲ್ಲಿ ಹೋದರೆ ಹುಡುಗರು ಗಾಳಿಯಲ್ಲಿ ಹಗ್ಗ ಎಳೆದು ಕೆಮ್ಮುತ್ತಿದ್ದರು. ಎಳೆದೂ ಎಳೆದೂ ಬಲಭುಜ ಊದಿತ್ತು. ಮಲ್ಲಾಜಮ್ಮ ಹರಳೆಣ್ಣೆ ಬಿಸಿ ಮಾಡಿ ತಿಕ್ಕುತ್ತಿದ್ದಳು. ಅವನು ಊಟ ಕಮ್ಮಿ ಮಾಡಿದ್ದ. ಕೆಂದನನ್ನು ಉಳಿಸಿಕೊಳ್ಳಲು ಹೋಗಿ ಗಂಡನನ್ನು ಸವೆಸುತ್ತಿದ್ದೇನೆಯೇ ಅನ್ನುವ ಭಯ ಅವಳನ್ನು ಹಿಡಿದದ್ದು ಆಗಲೇ.

ಅಷ್ಟರಲ್ಲಿ ಸೋಮೇಶ ಒಂದು ಸಂಜೆ ಜಗಲಿಗೆ ಬಂದು ಕೂತ. "ಅಣ್ಣಾ, ನಾಳಿಕ್ಕೆ ದಲ್ಲಾಳಿ ಮಾರಯ್ಯನ್ನ ಕರ್ಕಬತ್ತೀನಿ. ಅರಳಿಕಟ್ಟೆ ಜನಾನೂ ಬತ್ತರೆ. ಎಲ್ರ ಮುಂದೆ ಎಳಿ. ಸ್ಟಾರ್ಟ್ ಆದ್ರೆ ಎತ್ತು ಮಾರಯ್ಯಂಗೆ. ಆಗ್ದೆ ಓದ್ರೆ ಟ್ರಾಕ್ಟರ್ ಗುಜರಿಯೋನ್ಗೆ. ಅತ್ಲಾಗೊಂದು ಇತ್ಲಾಗೊಂದು ಆಗೋಗ್ಲಿ ಬುಡು."

ಮರಿಮಲ್ಲಪ್ಪ, "ಆಗ್ಲಿ" ಅಂದ. ಎದ್ದು ಕೊಟ್ಟಿಗೆಗೆ ಹೋಗಿ, ವಿಭೂತಿ ಬಳಿದು ಬಂದ.

ಬೆಳಿಗ್ಗೆ ಗಂಡ ಸ್ನಾನ ಮಾಡಿ ಪೂಜೆಗೆ ಕೂತ ಹೊತ್ತಿಗೆ ಮಲ್ಲಾಜಮ್ಮ ಅಕ್ಕಿ ಡಬ್ಬಕ್ಕೆ ಕೈ ಹಾಕಿದಳು. ಊರೆಲ್ಲ ನೆರೆದು, ಊದಿದ ಭುಜದ ಆ ಮನುಷ್ಯ ಹಗ್ಗ ಎಳೆದೆಳೆದು ಸೋತು, ಸೋಮೇಶ ಹಲ್ಲು ಕಿರಿಯುವುದನ್ನು ಅವಳಿಂದ ನೋಡಲಾಗುತ್ತಿರಲಿಲ್ಲ. ಕೊಟ್ಟಿಗೆಗೆ ಹೋಗಿ ಮುಚ್ಚಳ ತೆಗೆದಳು. ಉಪ್ಪುಕಾಗದದಲ್ಲಿ ಉಜ್ಜಿದಳು, ಪೆಟ್ರೋಲ್ ಬಟ್ಟೆಯಲ್ಲಿ ಒರೆಸಿದಳು. ಪಕ್ಕದಲ್ಲಿ ಕೆಂದ ಮೆಲುಕು ಹಾಕುತ್ತಾ ನೋಡುತ್ತಿತ್ತು. "ನೋಡ್‌ಬ್ಯಾಡ ಕಣ ಹಂಗೆ" ಅಂದು, ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಅಪ್ಪ ಸತ್ತ ದಿನವೂ ಹೀಗೆ ಅತ್ತಿರಲಿಲ್ಲ.

ಜನ ಬಂದರು. ಕಡ್ಲೆಪುರಿ ತಂದವರೂ ಇದ್ದರು. ಮಾರಯ್ಯ ಹೆಗಲ ಮೇಲಿನ ಟವೆಲ್ಲು ಕೊಡವಿ ಎತ್ತುಗಳ ಹಲ್ಲು ನೋಡಿ ಬಂದ. ಮರಿಮಲ್ಲಪ್ಪ ಪಂಚೆ ಎತ್ತಿ ಕಟ್ಟಿ, ಹಗ್ಗ ಸುತ್ತಿ, ಬಾರದು ಅಂತ ಗೊತ್ತಿರುವವನ ಹಾಗೆ ಒಂದೇ ಕೈಯಲ್ಲಿ ಉದಾಸೀನವಾಗಿ ಎಳೆದ.

ಒಂದೇ ಎಳೆತಕ್ಕೆ ಬಂತು. ಮೇಸ್ತ್ರಿ ಸುಳ್ಳು ಹೇಳಿರಲಿಲ್ಲ. ಕೊಟ್ಟಿಗೆಯ ಹೆಂಚು ನಡುಗಿ, ಕೋಳಿ ಹಾರಿ, ನೆಲ ಬಿಟ್ಟಿದ್ದ ಚಕ್ರಗಳು ಗಾಳಿಯಲ್ಲಿ ಗಿರ್ರನೆ ತಿರುಗತೊಡಗಿದವು. ಜನ ಕೇಕೆ ಹಾಕಿದ್ದು ಕೂಡ ಕೇಳಿಸಲಿಲ್ಲ. ಮಲ್ಲಾಜಮ್ಮ ಗಂಡನ ಮುಖ ನೋಡಿದಳು. ಅಲ್ಲಿ ಸಂತೋಷ ಇರಲಿಲ್ಲ. ಮನೆಗೆ ಬೆಂಕಿ ಬಿದ್ದವನ ಮುಖ ಅದು.

ನಿಲ್ಲಿಸಲು ಹೋದ. ಪೆಟ್ರೋಲ್ ತಿರುಪು ತುಕ್ಕು ಹಿಡಿದು ತೆರೆದಲ್ಲೇ ಕಚ್ಚಿಕೊಂಡಿತ್ತು. ವೈರು ಎಳೆಯಲು ಹೋಗಿ ಷಾಕ್ ಹೊಡೆಸಿಕೊಂಡು ಮಾರುದ್ದ ನೆಗೆದ. ಇಷ್ಟು ತಿಂಗಳೂ ಅದನ್ನು ಸ್ಟಾರ್ಟ್ ಮಾಡುವುದರ ಬಗ್ಗೆ ಯೋಚಿಸಿದ್ದನೇ ಹೊರತು ನಿಲ್ಲಿಸುವ ಪ್ರಮೇಯ ಬಂದಿರಲೇ ಇಲ್ಲ. ಮಾರಯ್ಯನಿಗೆ ಇದ್ಯಾವುದರ ಗೊಡವೆ ಇಲ್ಲ. ದಲ್ಲಾಳಿಗಳ ವ್ಯಾಪಾರಕ್ಕೆ ಮಾತೇ ಬೇಡವಲ್ಲ. ಮರಿಮಲ್ಲಪ್ಪನ ಕೈ ಹಿಡಿದು ಮೇಲೆ ಟವೆಲ್ಲು ಮುಚ್ಚಿ, ಒಳಗೆ ಬೆರಳು ಒತ್ತಿ ದರ ಕೇಳತೊಡಗಿದ. ಇನ್ನೊಂದೆರಡು ಬೆರಳು ಒತ್ತಿದರೆ ಕೆಂದ ಮನೆಯದಲ್ಲ.

ಮಲ್ಲಾಜಮ್ಮ ಗುಂಪಿನೊಳಗೆ ನುಗ್ಗಿದಳು. "ಕೊಡ್‌ಬ್ಯಾಡಿ ಕಣ್ರೀ ಎತ್ತ!"

"ಏನಂದೆ?" ಅವನು ಕಿವಿಗೆ ಕೈ ಹಿಡಿದ.

ಅವಳು ಅವನ ಕಿವಿಯ ಹತ್ತಿರ ಹೋಗಿ ಕಿರುಚಿದಳು. "ಮೇಸ್ತ್ರಿ ನಂಗೇಳಿದ್ದ, ಬೂದಿಯಿಂದ್ಲೇ ಬತ್ತಾಯಿಲ್ಲ ಅಂತ. ನಾ ನಿಮ್ಗೇಳ್ಲಿಲ್ಲ. ಕೆಂದ ಓಯ್ತದಲ್ಲಾ ಅಂತ ನಾನೇ ಇಬೂತಿ ತಂದ್ತಂದು ಕೊಟ್ಟೆ. ಇವತ್ತು ನಿಮ್ ಮೊಕ ನೋಡಕ್ಕಾಗ್ದೆ ನಾನೇ ಒರೆಸ್‌ಬುಟ್ಟೆ."

ಮರಿಮಲ್ಲಪ್ಪನೂ ಕುತ್ತಿಗೆಯ ನರ ಉಬ್ಬಿಸಿ ಕೂಗತೊಡಗಿದ. ಎಂಜಿನ್ನಿನ ಅಬ್ಬರದಲ್ಲಿ ಅವಳಿಗೆ ಅರ್ಧಂಬರ್ಧ ಕೇಳಿತು. "ಮೇಸ್ತ್ರಿ... ಗುಂಡ್ಲುಪೇಟೇಲಿ ಸಿಕ್ದಾಗ... ನಂಗೂ ಹೇಳಿದ್ದ..." ಅಷ್ಟರಲ್ಲಿ ಹಾಕಿದ್ದ ಒಂದು ಸೋಡಾಬಾಟ್ಲಿಯಷ್ಟು ಪೆಟ್ರೋಲ್ ಮುಗಿದು ಎಂಜಿನ್ನು ಗಪ್ಪನೆ ನಿಂತಿತು. ಮರಿಮಲ್ಲಪ್ಪ ನಿಲ್ಲಲಿಲ್ಲ.

"ಎತ್ತು ಕೊಡಕ್ಕೆ ನಂಗ್ ಮನಸಿಲ್ಲ ಕಣಮ್ಮಿ, ಅದ್ಕೇ ಬೇಕೂಂತ್ಲೇ ಬೂದಿ ಮೆತ್ತ್‌ತಿದ್ದೆ, ಆಡಿದ ಮಾತು ಎಂಗೆ ನುಂಗ್ಲಿ!"

ಮಾತು ನಿಶ್ಶಬ್ದದಲ್ಲಿ ಬೀದಿಯ ಕೊನೆಯವರೆಗೂ ಹೋಯಿತು. ಕಡ್ಲೆಪುರಿ ಅಗಿಯುತ್ತಿದ್ದವರ ದವಡೆಗಳು ನಿಂತವು. ಸೋಮೇಶ ಮೆಲ್ಲಗೆ ಗುಂಪಿನ ಹಿಂದಕ್ಕೆ ಸರಿದ.

ಮಾರಯ್ಯ ಟವೆಲ್ಲಿನಿಂದ ಕೈ ಈಚೆ ತೆಗೆದ. "ಯಜಮಾನ್ರೆ, ಮನೇಲಿ ಇಬ್ರೂ ಕೂತು ಒಂದ್ಸಲ ಮಾತಾಡ್ಕಂಡಿದ್ರೆ ನಾನಿವತ್ತು ಹರವೆ ಸಂತೆಗೋಯ್ತಿದ್ದೆ" ಅಂದು, ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೊರಟ. ಅವನ ಹಿಂದೆ ಜನರೂ ಒಬ್ಬೊಬ್ಬರಾಗಿ, ನಗು ತಡೆದುಕೊಂಡು ಕರಗಿದರು. ಈ ಕಥೆ ಸಂಜೆಯೊಳಗೆ ಚಾಮರಾಜನಗರ ಮುಟ್ಟುತ್ತದೆ ಅಂತ ಇಬ್ಬರಿಗೂ ಗೊತ್ತಿತ್ತು.

ಮರಿಮಲ್ಲಪ್ಪ ನೆಲ ನೋಡುತ್ತಾ ನಿಂತಿದ್ದ. ಮಲ್ಲಾಜಮ್ಮನಿಗೆ ಮೊದಲು ನಗು ಬಂತು, ಆಮೇಲೆ ಸಿಟ್ಟು ಬಂತು. ಒಂದೇ ಸೂರಿನ ಕೆಳಗೆ, ಒಂದೇ ಎತ್ತಿಗಾಗಿ, ಇಷ್ಟು ತಿಂಗಳು ಅವಳೊಬ್ಬಳೇ ಹೆದರಿದ್ದಳು. ಒಂದು ಚಾಪೆಯಾಚೆ ಮಲಗಿ ಇವನೂ ಒಬ್ಬನೇ ಹೆದರಿದ್ದ.

"ಇನ್ಮೇಲೆ ಎದ್ರಿಕೆ ಆದ್ರೆ ನಂಗೇಳ್ತೀರಾ?" ಅಂತ ಕೇಳಿದಳು.

"ನೀ ಹೇಳ್ತೀಯಾ?"

"ನಾ ಮೊದ್ಲು ಕೇಳ್ದೆ."

ಅವನು ತಲೆಯೆತ್ತಿ ಅವಳನ್ನು ನೋಡಿದ. "ಹೇಳ್ತೀನಿ" ಅಂದ.